ಅರ್ಧ ಸೆಕೆಂಡಿನ ಫೋಟೋಕ್ಕೆ ಕಮಲಾಪುರದ ಬಸ್ಸು!

ಕಲಬುರಗಿಯ ಬಿಸಿಲನ್ನು ಬೈಯದ ಅಂಗಡಿಕಾರನಿಲ್ಲ, ಶಪಿಸದ ಬಸ್ ಪ್ರಯಾಣಿಕನಿಲ್ಲ. ಮೇ ತಿಂಗಳ ಮಟಮಟ ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಅಂಥ ಸೂರ್ಯನ ಮುಖಕ್ಕೇ ಕ್ಯಾಮೆರಾ ಹಿಡಿದು, ಅವನ ಮುಂದೆ ಹಾದು ಹೋಗುವ ಅಂತರಿಕ್ಷ ನೌಕೆಯ ಫೋಟೋ ಹೊಡೆಯುವ ಹವ್ಯಾಸಿಗಳು ಜಗತ್ತಿನಲ್ಲಿದ್ದಾರೆ. ಈ ಕೆಲಸಕ್ಕೆ ಗಾಜಿಪುರದ ಬಿಸಿಲು ಫ್ರಾನ್ಸಿನ ಬಿಸಿಲಿಗಿಂತ ಒಂದು ಕೈ ಮೇಲು ಎಂದರೆ ನಂಬುವವರು ಯಾರು?

ಫ್ರಾನ್ಸ್ ಎಂದದ್ದು ಸುಮ್ಮನೆ ಅಲ್ಲ. ಈ ವಿದ್ಯೆಯಲ್ಲಿ ಹೆಸರು ಮಾಡಿದವರು ಅಲ್ಲಿನ ಥಿಯೆರಿ ಲೆಗೋ. ಹೊಟ್ಟೆಪಾಡಿಗೆ ಇಂಜಿನಿಯರ್, ಹುಚ್ಚು ಆಕಾಶದ್ದು. 2006ರ ಸೆಪ್ಟೆಂಬರ್‌ನಲ್ಲಿ ನಾರ್ಮಂಡಿಗೆ ಹೋಗಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಅದರಿಂದ ಆಗಷ್ಟೇ ಬಿಟ್ಟ ಅಟ್ಲಾಂಟಿಸ್ ನೌಕೆಯೂ ಜೊತೆಜೊತೆಗೆ ಸೂರ್ಯನನ್ನು ದಾಟುವುದನ್ನು ಹಿಡಿದರು. 2009ರ ಮೇ ತಿಂಗಳಲ್ಲಿ ಫ್ಲೋರಿಡಾದಿಂದ ಅಟ್ಲಾಂಟಿಸ್ ಮತ್ತು ಹಬಲ್ ದೂರದರ್ಶಕ ಎರಡನ್ನೂ ಹಿಡಿದರು. 2011ರ ಜನವರಿ 4ರಂದು ಪಾರ್ಶ್ವ ಸೂರ್ಯಗ್ರಹಣವಿತ್ತಲ್ಲ, ಅಂದು ಮಹಾಶಯರು ವಿಮಾನ ಹತ್ತಿ ಮಸ್ಕತ್ತಿಗೇ ಹೋದರು. ಸೂರ್ಯ, ಅವನನ್ನು ಕಚ್ಚಿದ ಚಂದ್ರ, ನಡುವೆ ನಿಲ್ದಾಣ, ಮೂರೂ ಒಂದೇ ಚಿತ್ರದಲ್ಲಿ! ನಿಲ್ದಾಣ ಸೂರ್ಯನ ಮುಂದೆ ಇದ್ದದ್ದು ಒಂದು ಸೆಕೆಂಡೂ ಅಲ್ಲ. ಅಷ್ಟಕ್ಕೆ ಪ್ಯಾರಿಸ್‌ನಿಂದ ಮಸ್ಕತ್. ಗಾಜಿಪುರದವರು ಕಮಲಾಪುರದ ಬಸ್ಸು ಹಿಡಿದರೆ ಸಾಕಾಗುತ್ತದೆ.

ಅದೇಕೆ ಎಂದು ಕೇಳಿ. ನಿಲ್ದಾಣದ ಅಗಲ ಸುಮಾರು 109 ಮೀಟರ್, ಇರುವ ಎತ್ತರ ಸುಮಾರು 420 ಕಿಲೋಮೀಟರ್, ಓಟ ತಾಸಿಗೆ 28 ಸಾವಿರ ಕಿ.ಮೀ. ಬಸ್ಸಿಗೆ ಒಂದು ತಾಸಿನಷ್ಟು ಹಿಡಿಯುವ ಕಮಲಾಪುರದ ದಾರಿ ಅದಕ್ಕೆ ಐದು ಸೆಕೆಂಡಿನದು. ನೆತ್ತಿಯ ಮೇಲಿರುವ ಸೂರ್ಯನನ್ನು ದಾಟಲು ಅರ್ಧ ಸೆಕೆಂಡು, ಕಣ್ಣು ಮಿಟುಕಿಸಿದರೆ ಮುಗಿಯಿತು. ಆ ನೋಟ ಕಾಣುವುದೂ ನೆಲದ ಮೇಲಿನ ಒಂದು ಕಿರಿದಾದ ಪಟ್ಟಿಯಲ್ಲಿ ನಿಂತವರಿಗೆ ಮಾತ್ರ. ಸೂರ್ಯ ನೆತ್ತಿಯಲ್ಲಿದ್ದಾಗ ಆ ಪಟ್ಟಿಯ ಅಗಲ ನಾಲ್ಕು ಕಿ.ಮೀ. ಆಸುಪಾಸು. ಅದು ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಹಾದರೆ ಗಾಜಿಪುರಕ್ಕೆ ಸಿಗದೆ ಕಮಲಾಪುರಕ್ಕೆ ಸಿಗುವುದುಂಟು. ಒಂದೇ ಮಾಳಿಗೆಯ ಮೇಲೆ ಕುಳಿತು ಕಾಯುವವನು ತಿಂಗಳುಗಟ್ಟಲೆ ಕಾಯಬೇಕು. ಮೂವತ್ತು-ನಲವತ್ತು ಕಿ.ಮೀ. ತಿರುಗುವವನಿಗೆ ಅವಕಾಶ ಎಷ್ಟೋ ಪಟ್ಟು ಹೆಚ್ಚು.

ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಈಗ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ. ಆದರೆ ಹದಿನೈದು ದಿನ ಮುಂಚಿನ ಲೆಕ್ಕ ನಂಬುವಂತಿಲ್ಲ. ಅಷ್ಟು ಎತ್ತರದಲ್ಲೂ ಇರುವ ತೆಳುಗಾಳಿ ನಿಲ್ದಾಣವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತದೆ, ನಡುನಡುವೆ ಅದನ್ನು ಮೇಲಕ್ಕೂ ತಳ್ಳುತ್ತಾರೆ. ಹಿಂದಿನ ದಿನ ಮತ್ತೊಮ್ಮೆ ನೋಡಿಕೊಂಡೇ ಹೊರಡಬೇಕು.

ಇನ್ನು ಕಲಬುರಗಿಯ ಹೆಚ್ಚುಗಾರಿಕೆ. ಮೇ 9ರ ಸುಮಾರಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಇಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಗೇ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಪ್ಯಾರಿಸ್‌ನವರ ನೆತ್ತಿಗೆ ಅವನು ಎಂದೂ ಬರುವುದಿಲ್ಲ. ಓರೆ ಸೂರ್ಯನ ಮುಂದೆ ಹಾಯುವ ನೌಕೆ ದೂರದಲ್ಲಿರುತ್ತದೆ, 2006ರಲ್ಲಿ ಲೆಗೋ ಅವರಿಂದ ಅದು ಸುಮಾರು 550 ಕಿ.ಮೀ. ದೂರವಿತ್ತು. ನೆತ್ತಿಯ ಸೂರ್ಯನಿಗೆ ಅಡ್ಡ ಬಂದರೆ 420 ಮಾತ್ರ. ಹತ್ತಿರವಾದಷ್ಟೂ ಚಿತ್ರ ದೊಡ್ಡದು. ದೊಡ್ಡದು ಎಂದರೂ ಎಷ್ಟು? ಊಟದ ತಾಟಿನ ಮೇಲೆ ಕೂತ ಕಟ್ಟಿರುವೆಯಷ್ಟು. ಆದರೂ ಅದರ ರೆಕ್ಕೆಯಂಥ ಸೌರಫಲಕಗಳು ಎಣಿಸುವ ಹಾಗೆ ಮೂಡುತ್ತವೆ. ಆಗಸ್ಟಿನಲ್ಲಿ ಮೋಡದ ಕಾಟ ಎಂಬುದು ಬೇರೆ ಮಾತು.

ತೊಡಕೂ ಇಲ್ಲಿಯದೇ. ಶಹಾಬಾದ್ ಫರಸಿ ಹಾಸಿದ ಮಾಳಿಗೆ ಮಧ್ಯಾಹ್ನಕ್ಕೆ ಹಂಚಿನಂತೆ ಕಾಯುತ್ತದೆ. ಮೇಲೇಳುವ ಬಿಸಿಗಾಳಿಗೆ ಚಿತ್ರ ಕುದಿಯುವ ನೀರಿನಲ್ಲಿ ಕಂಡಂತೆ ನಡುಗುತ್ತದೆ. ಅದಕ್ಕೂ ಕಮಲಾಪುರವೇ ಮದ್ದು. ಕೆಂಪು ಬಾಳೆಗೆ ಹೆಸರಾದ ಊರು. ನೀರುಂಡ ತೋಟದ ಬದುವಿನ ಮೇಲೆ ಗಾಳಿ ಅಷ್ಟು ಕುಣಿಯುವುದಿಲ್ಲ. ಉದ್ದ ಮಸೂರದ ಕ್ಯಾಮೆರಾ ಇಲ್ಲವೇ ಸಣ್ಣ ದೂರದರ್ಶಕ, ಗಟ್ಟಿ ಮುಕ್ಕಾಲಿ, ಸೆಕೆಂಡಿನ ಸಾವಿರದ ಒಂದು ಪಾಲಿನ ಷಟರ್. ಸೂರ್ಯನ ಕಲೆ ಸ್ಪಷ್ಟವಾಗುವಂತೆ ಫೋಕಸ್ ಕೂಡಿಸಿ, ಹೊತ್ತಿಗೆ ಎರಡು ಸೆಕೆಂಡು ಮುಂಚೆ ಗುಂಡಿ ಒತ್ತಿ ಹಿಡಿಯುವುದು. ಸೆಕೆಂಡಿಗೆ ಹತ್ತು ಹೊಡೆಯುವ ಕ್ಯಾಮೆರಾಕ್ಕೆ ಐದು ಫೋಟೋ ದಕ್ಕಿದರೆ ಪುಣ್ಯ.

ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣು. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಮಸೂರದ ಮುಂದೆಯೇ ಇರಬೇಕು, ಹಿಂದೆ ಕಣ್ಣಿನ ಬಳಿ ಅಲ್ಲ. ಹಾಗೇ ಇಣುಕಿದರೆ ಕಣ್ಣಿನ ಒಳಪರದೆ ಸುಡುತ್ತದೆ, ಅದೂ ನೋವಿಲ್ಲದೆ. ಆ ಪರದೆಗೆ ನೋವಿನ ನರವೇ ಇಲ್ಲ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಕೂಲಿಂಗ್ ಗ್ಲಾಸು ಒಂದೂ ನಡೆಯುವುದಿಲ್ಲ. ಬರಿಗಣ್ಣಿಗಾದರೆ 14ನೇ ನಂಬರಿನ ವೆಲ್ಡಿಂಗ್ ಗಾಜು ನಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯವರು ಗಿರಾಕಿಗೆ ಕಡಿಮೆ ನಂಬರು ದಾಟಿಸಬಾರದು, ಅಷ್ಟೇ.

“ಇದ್ರಿಂದ ನಮಗೇನ್ ಫಾಯಿದಾರೀ?” ಎಂದು ಗಲ್ಲೆಯ ಮೇಲೆ ಕುಳಿತವರು ಕೇಳಿಯಾರು. 2019ರ ಡಿಸೆಂಬರ್ 26ರ ಗ್ರಹಣ ನೆನಪಿದೆಯಲ್ಲ? ಅಂದು ಊರ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯದ ಮಕ್ಕಳನ್ನು, ಗುಣವಾದೀತೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟರು. ದೇಶವೆಲ್ಲ ಆ ಸುದ್ದಿ ಓದಿತು. ಹೆತ್ತವರ ಕಷ್ಟವನ್ನು ಹೀಗಳೆಯುವುದು ಬೇಡ. ಆದರೆ ಮುಂದಿನ ಗ್ರಹಣ ದೂರವಿಲ್ಲ, 2027ರ ಆಗಸ್ಟ್ 2ರ ಸಂಜೆ. ಅಷ್ಟರೊಳಗೆ ಸೂರ್ಯನ ಮುಂದೆ ಮನುಷ್ಯರಿರುವ ನೌಕೆ ದಾಟಿದ ಒಂದು ಫೋಟೋ, ಇದೇ ಊರಿನಿಂದ ತೆಗೆದದ್ದು, ಒಂದು ಚಹಾ ಅಂಗಡಿಯ ಗೋಡೆಯಲ್ಲಿ ತೂಗಿದರೆ ನೂರು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡೀತು. 1984ರಿಂದ ಇಲ್ಲೊಂದು ಜಿಲ್ಲಾ ವಿಜ್ಞಾನ ಕೇಂದ್ರವೂ ಇದೆ. ಹುಡುಗರು ಅಲ್ಲಿ ಹೋಗಿ ಕೇಳಬಹುದು.

ಆ ನೌಕೆಯಲ್ಲಿ ನಮ್ಮವರೂ ಇದ್ದು ಬಂದಿದ್ದಾರೆ. 2025ರ ಜೂನ್ 26ರಂದು ಶುಭಾಂಶು ಶುಕ್ಲಾ ನಿಲ್ದಾಣ ಹೊಕ್ಕಾಗ ಜೊತೆಗಿದ್ದದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದ ಮೆಂತ್ಯ ಮತ್ತು ಹೆಸರು ಕಾಳು. ಅವು ಅಲ್ಲಿ ಮೊಳಕೆಯೊಡೆದವು.

ಅವಸರವೂ ಇದೆ. ನಿಲ್ದಾಣಕ್ಕೆ ವಯಸ್ಸಾಗಿದೆ. 2030ರವರೆಗೆ ನಡೆಸಿ, ಆಮೇಲೆ ಸಾಗರಕ್ಕೆ ಇಳಿಸುವುದೆಂದು ಸದ್ಯದ ಯೋಜನೆ. ಚೀನಾದವರ ತಿಯಾನ್‌ಗಾಂಗ್ ಉಳಿದೀತು, ಆದರೆ ಅದು ಇದಕ್ಕಿಂತ ಬಹಳ ಸಣ್ಣದು. ಅಂದರೆ ಗಾಜಿಪುರದ ಹುಡುಗನಿಗೆ ಇನ್ನುಳಿದದ್ದು ಕೆಲವೇ ಬೇಸಿಗೆ. ಹುಮನಾಬಾದ್ ಬಸ್ಸಿನಲ್ಲಿ ಮುಕ್ಕಾಲಿ ತೊಡೆಯ ಮೇಲಿಟ್ಟುಕೊಂಡ ಪೋರ ಕಂಡರೆ, ಸ್ವಲ್ಪ ಸರಿದು ಜಾಗ ಕೊಡಿ. ಅವನಿಗೆ ಹೊತ್ತಿಗೆ ಸರಿಯಾಗಿ ಇಳಿಯಬೇಕಾಗಿದೆ.