ಎಳೆಗೂಸು ಮಲಗುವ ಜಾಗ: ತಾಯಿಯ ಕೈಗೆ ಹತ್ತಿರ, ಕೊಟ್ಟಿಗೆಗೆ ದೂರ



ಕರು ಸಾಕಣೆ, ಕೆಚ್ಚಲು ಬಾವು, ಹಸಿರು ಮೇವು ಇವುಗಳ ಬಗ್ಗೆ ಈ ಪುಟಗಳಲ್ಲಿ ಬರೆಯುವುದು ನನ್ನ ವಾಡಿಕೆ. ಈ ಸಲ ವಿಷಯ ಬೇರೆ. ಹಸು ಕಟ್ಟಿದ ಮನೆಯಲ್ಲಿ ಬಾಣಂತಿ ಇದ್ದರೆ ಅವಳ ಎಳೆಗೂಸನ್ನು ಎಲ್ಲಿ, ಹೇಗೆ ಮಲಗಿಸಬೇಕು ಎಂಬುದೇ ಈ ಲೇಖನದ ವಿಷಯ. ದನದ ಡಾಕ್ಟರಿಗೆ ಇದೇಕೆ ಬೇಕು ಎಂದು ತಾವು ಕೇಳಬಹುದು. ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳ ಒಂದು ರಾತ್ರಿ, ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸುವನ್ನು ನೋಡಲು ಹೋಗಿದ್ದೆ. ಕಾಲು ಮಡಿಸಿಕೊಂಡಿದ್ದ ಕರುವನ್ನು ಸರಿಪಡಿಸಿ ಹೊರತೆಗೆದೆವು. ಮೂಗು, ಬಾಯಿಯ ಲೋಳೆ ತೆಗೆದು, ಒಣ ಹುಲ್ಲಿನಿಂದ ಮೈ ಉಜ್ಜಿ, ದಪ್ಪ ಹುಲ್ಲಿನ ಹಾಸಿನ ಮೇಲೆ ಕೂರಿಸಿದೆವು. ಮನೆಯ ಗಂಡಸರೆಲ್ಲ ಕೊಟ್ಟಿಗೆಯಲ್ಲೇ ಇದ್ದರು. ಕೈ ತೊಳೆಯಲು ಬಿಸಿನೀರು ಕೇಳಿಕೊಂಡು ಒಳಗೆ ಹೋದಾಗ ಆ ಮನೆಯ ಅಜ್ಜಿ, "ಯಾಕೋ ಸೊಸೆ ತಲೆ ಎತ್ತಂಗಿಲ್ಲ ಸ್ವಾಮಿ, ಒಂದು ಗಳಿಗೆ ನೋಡಿ" ಎಂದರು. ಬಾಣಂತಿ ಕೋಣೆಯ ಬಾಗಿಲು ಮುಚ್ಚಿತ್ತು. ಕಿಟಕಿಗೆ ಗೋಣಿಚೀಲ ತುರುಕಿತ್ತು. ಮಂಚದ ಪಕ್ಕದಲ್ಲಿ ಇದ್ದಿಲ ಕೆಂಡದ ಬಾಣಲೆ. ಆ ಹೆಣ್ಣುಮಗಳಿಗೆ ತಲೆಸುತ್ತು, ವಾಂತಿ. ಕೂಸು ಜೋಲು ಬಿದ್ದಿತ್ತು. ಇಬ್ಬರನ್ನೂ ಕೂಡಲೇ ಬಯಲಿನ ಗಾಳಿಗೆ ತಂದು, 108 ವಾಹನಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕಳುಹಿಸಿದೆವು. ಪುಣ್ಯಕ್ಕೆ ಇಬ್ಬರೂ ಉಳಿದರು.

ಕರುವಿನ ಸುತ್ತ ನಾವು ಆರು ಜನ ಇದ್ದೆವು. ಕೂಸಿನ ಕೋಣೆಯ ಕಡೆ ಯಾರೂ ನೋಡಿರಲಿಲ್ಲ. ಆ ಮನೆಯವರಿಗೆ ಪ್ರೀತಿ ಕಡಿಮೆ ಇತ್ತೆಂದಲ್ಲ. ಚಳಿಯಾಗದಿರಲಿ ಎಂದೇ ಕೆಂಡ ಇಟ್ಟಿದ್ದರು. ಕೊರತೆ ಇದ್ದದ್ದು ತಿಳಿವಳಿಕೆಯಲ್ಲಿ. ಅಂದಿನಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಯಾವ ಮನೆಗೆ ಹೋದರೂ, ಬಾಣಂತಿ ಇದ್ದಾಳೆಂದು ತಿಳಿದರೆ ಈ ವಿಷಯ ಹೇಳಿಯೇ ಬರುತ್ತೇನೆ.

ಕರುವಿನ ಹಾಸು ಬೇರೆ, ಕೂಸಿನ ಹಾಸು ಬೇರೆ

ದನ ಸಾಕುವವರಿಗೆ ಎಳೆಗರುವಿನ ಆರೈಕೆ ಚೆನ್ನಾಗಿ ಗೊತ್ತು. ಆದರೆ ಅದೇ ತಿಳಿವಳಿಕೆಯನ್ನು ಕೂಸಿಗೂ ಅನ್ವಯಿಸಿದರೆ ತಪ್ಪಾಗುತ್ತದೆ. ಮುಖ್ಯವಾಗಿ ಮೂರು ವ್ಯತ್ಯಾಸಗಳಿವೆ.

ಮೊದಲನೆಯದು ಮಲಗುವ ಭಂಗಿ. ಕರುವನ್ನು ಎದೆಯೂರಿ ಕೂರಿಸುತ್ತೇವೆ. ಆಗ ಅದರ ಎರಡೂ ಶ್ವಾಸಕೋಶಗಳು ಚೆನ್ನಾಗಿ ಹಿಗ್ಗುತ್ತವೆ. ಕೂಸನ್ನು ಮಾತ್ರ ಅಂಗಾತ, ಅಂದರೆ ಬೆನ್ನಿನ ಮೇಲೆ ಮಲಗಿಸಬೇಕು. ಬೋರಲಾಗಿ ಮಲಗಿಸಿದ ಎಳೆಗೂಸಿಗೆ ತಲೆ ಎತ್ತಿ ಮೂಗು ಬಿಡಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ತಾನು ಬಿಟ್ಟ ಉಸಿರನ್ನೇ ತಿರುಗಿ ಎಳೆದುಕೊಳ್ಳುತ್ತದೆ. ಮಗ್ಗುಲಲ್ಲಿ ಮಲಗಿಸಿದ ಕೂಸು ಸುಲಭವಾಗಿ ಬೋರಲು ಬೀಳುತ್ತದೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ, "ಮಗುವನ್ನು ಅಂಗಾತ ಮಲಗಿಸಿ" ಎಂಬ ಪ್ರಚಾರ ನಡೆಯಿತು. ನಿದ್ದೆಯಲ್ಲೇ ಶಿಶುಗಳು ಹಠಾತ್ತನೆ ಸಾಯುವುದು ಆ ನಂತರದ ವರ್ಷಗಳಲ್ಲಿ ಬಹಳ ಇಳಿಯಿತು.

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುವುದಿಲ್ಲವೇ?" ಎಂದು ಅಜ್ಜಿಯರು ಕೇಳುತ್ತಾರೆ. ಕೂಸು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಮೇಲೆ ಬಂದ ಹಾಲು ಉಸಿರಿನ ದಾರಿಗೆ ಸೇರಬೇಕಾದರೆ ಏರು ಹತ್ತಬೇಕು. ಬೋರಲಾಗಿದ್ದಾಗಲೇ ಅದು ಆ ಕಡೆಗೆ ಇಳಿಯುವುದು ಸುಲಭ. ಹಾಲೂಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿದರೆ ಸಾಕು.

ಎರಡನೆಯದು ಹಾಸು. ಕರುವಿಗೆ ಮೆತ್ತನೆಯ ದಪ್ಪ ಹುಲ್ಲಿನ ಹಾಸು ಉತ್ತಮ. ಕೂಸಿಗೆ ಗಟ್ಟಿಯಾದ, ಸಮತಟ್ಟಾದ ಹಾಸು ಬೇಕು. ಮುಖ ಹೂತುಹೋಗುವ ಹತ್ತಿಯ ಹಾಸಿಗೆ, ಸ್ಪಂಜಿನ ಹಾಸಿಗೆ ಬೇಡ. ಅಂಗೈ ಊರಿ ನೋಡಿ; ಕೈ ತೆಗೆದ ಮೇಲೂ ಕುಳಿ ಉಳಿದರೆ ಅದು ಕೂಸಿಗೆ ತಕ್ಕದ್ದಲ್ಲ.

ಮೂರನೆಯದು ತಾಯಿಯ ದೂರ. ಕರುವನ್ನು ಗಿಣ್ಣುಹಾಲು ಕುಡಿಸಿದ ಮೇಲೆ ಬೇರೆ ಕಟ್ಟುವುದುಂಟು. ಕೂಸು ಹಾಗಲ್ಲ. ಕನಿಷ್ಠ ಮೊದಲ ಆರು ತಿಂಗಳು ಅದು ತಾಯಿ ಮಲಗುವ ಕೋಣೆಯಲ್ಲೇ, ಅವಳ ಕೈಗೆಟುಕುವಂತೆ ಮಲಗಬೇಕು. ಆದರೆ ಅವಳ ಹಾಸಿಗೆಯಲ್ಲಿ ಅಲ್ಲ, ಪಕ್ಕದಲ್ಲಿ ತನ್ನದೇ ಆದ ಹಾಸಿನಲ್ಲಿ. ಹತ್ತಿರವಿದ್ದರೆ ರಾತ್ರಿ ಹಾಲೂಡಿಸುವುದು ಸುಲಭ, ಉಸಿರಾಟದ ಸದ್ದು ಕೇಳಿಸುತ್ತದೆ. ಹಾಸು ಬೇರೆ ಇದ್ದರೆ ಮೈಮೇಲೆ ಹೊರಳುವ, ಸೆರಗು ಕಂಬಳಿ ಮುಖದ ಮೇಲೆ ಬೀಳುವ ಭಯವಿಲ್ಲ.

ಮನೆಯಲ್ಲಿ ಇರುವುದರಲ್ಲೇ ಜಾಗ ಆರಿಸುವುದು

ದುಬಾರಿ ಸಾಮಾನು ಕೊಳ್ಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಇರುವ ವ್ಯವಸ್ಥೆಗಳನ್ನೇ ಒಂದೊಂದಾಗಿ ನೋಡೋಣ.

ತಾಯಿ ಚಾಪೆಯ ಮೇಲೆ ಮಲಗುವಳಾದರೆ, ಪಕ್ಕದಲ್ಲೇ ಕೂಸಿಗೆ ಬೇರೆ ಚಿಕ್ಕ ಚಾಪೆ ಹಾಕಿ, ಅದರ ಮೇಲೆ ಜಮಖಾನವನ್ನು ಸುಕ್ಕಿಲ್ಲದಂತೆ ಮಡಿಸಿ ಹಾಸಿ. ಗಂಡ ಹೆಂಡಿರ ನಡುವೆ, ಇಲ್ಲವೇ ದೊಡ್ಡ ಮಕ್ಕಳ ಪಕ್ಕದಲ್ಲಿ ಬೇಡ.

ತಾಯಿ ಮಂಚದ ಮೇಲೆ ಮಲಗುವಳಾದರೆ ತೊಟ್ಟಿಲನ್ನು ಮಂಚದ ಮಗ್ಗುಲಿಗೆ ತಂದಿಡಿ. ಮರದ ತೊಟ್ಟಿಲು ಒಳ್ಳೆಯದೇ, ಆದರೆ ತಳ ಸಮತಟ್ಟಾಗಿರಲಿ, ರಾತ್ರಿ ತೂಗದಂತೆ ಭದ್ರವಾಗಿ ನಿಂತಿರಲಿ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರ್‌ಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸು ತೊಟ್ಟಿಲಿಗೆ ಸರಿಯಾಗಿ ಕೂರಬೇಕು, ಬದಿಯಲ್ಲಿ ಸಂದು ಬಿಡಬಾರದು. ಹಳೆಯ ತೊಟ್ಟಿಲಾದರೆ ಮೊಳೆ, ಕೊಂಡಿ, ಸರಪಳಿ ಪರೀಕ್ಷಿಸಿ.

ಹಗ್ಗದ ಮಂಚ, ನವಾರು ಮಂಚ ನಡುವೆ ಜೋಲುತ್ತವೆ. ಅವು ಕೂಸಿಗೆ ತಕ್ಕವಲ್ಲ. ಮಂಚ ಮತ್ತು ಗೋಡೆಯ ನಡುವಿನ ಸಂದಿಯೂ ಅಪಾಯಕಾರಿ.

ಸೀರೆಯ ಜೋಲಿ ನಮ್ಮಲ್ಲಿ ಬಹಳ ರೂಢಿ. ಅದರಲ್ಲಿ ಕೂಸಿನ ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಒತ್ತುತ್ತದೆ. ಎಳೆಗೂಸಿನ ಉಸಿರಿನ ನಳಿಕೆ ಮೆತ್ತಗಿರುವುದರಿಂದ ಹೀಗೆ ಬಾಗಿದಾಗ ಮುಚ್ಚಿಕೊಳ್ಳಬಹುದು. ಬಟ್ಟೆಯೂ ಮುಖಕ್ಕೆ ಕವಿಯುತ್ತದೆ. ಅಳುವ ಕೂಸನ್ನು ಸಮಾಧಾನ ಮಾಡಲು, ಕಣ್ಣೆದುರೇ ಒಂದೆರಡು ಸಲ ತೂಗಿದರೂ, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆ ಇಳಿಸಿ. ರಾತ್ರಿಯಿಡೀ ಜೋಲಿಯಲ್ಲಿ ಬಿಡಬೇಡಿ.

ನಮ್ಮ ಹಿರಿಯರು ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುತ್ತಿದ್ದರು. ಮೊರದಲ್ಲೇ ಮಲಗಿಸಿ ಎಂದು ಹೇಳುತ್ತಿಲ್ಲ. ಆದರೆ ಮೊರ ಚಪ್ಪಟೆ, ಗಟ್ಟಿ, ಗಾಳಿಯಾಡುವಂಥದ್ದು ಎಂಬುದನ್ನು ಗಮನಿಸಿ. ಫಿನ್ಲೆಂಡ್ ದೇಶದಲ್ಲಿ 1938ರಿಂದ ತಾಯಂದಿರಿಗೆ ಸರ್ಕಾರ ಕೂಸಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತ ಬಂದಿದೆ; ತಳದಲ್ಲಿ ತೆಳು ಹಾಸು ಇರುವ ಆ ಪೆಟ್ಟಿಗೆಯೇ ಎಷ್ಟೋ ಕೂಸುಗಳ ಮೊದಲ ಹಾಸಿಗೆ. ನ್ಯೂಜಿಲೆಂಡಿನ ಮಾವೊರಿ ಜನ 2006ರಿಂದ ನಾರಿನಲ್ಲಿ ಹೆಣೆದ ಬುಟ್ಟಿಯಲ್ಲಿ ಕೂಸನ್ನು ತಾಯಿಯ ಮಗ್ಗುಲಲ್ಲಿ ಮಲಗಿಸುವ ಕ್ರಮ ತಂದರು. ಬೆಲೆಯ ಪ್ರಶ್ನೆ ಇಲ್ಲಿ ಮುಖ್ಯವಲ್ಲ, ಗುಣ ಮುಖ್ಯ.

ಹಾಸಿನ ಮೇಲೆ ಇರಬಾರದ್ದು

ಹಾಸು, ಅದರ ಮೇಲೊಂದು ಬಿಗಿಯಾದ ಹತ್ತಿ ಬಟ್ಟೆ, ಕೂಸು. ಇಷ್ಟೇ ಇರಬೇಕು. ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಇಡುತ್ತಾರೆ; ಬೇಡ. ಎಚ್ಚರವಿರುವಾಗ ಹಿರಿಯರ ಕಣ್ಣೆದುರು ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಿದರೆ ತಲೆಯ ಆಕಾರವೂ ಸರಿಯಾಗುತ್ತದೆ, ಕತ್ತೂ ಬಲಿಯುತ್ತದೆ. ಬದಿಗೆ ಒತ್ತುದಿಂಬು, ಗೊಂಬೆ, ಬಿಡಿ ಕಂಬಳಿ ಬೇಡ. ಕುತ್ತಿಗೆಗೆ ದಾರ, ತಾಯಿತ ಬೇಡ. ಬಿಗಿದುಕೊಂಡರೆ ಪ್ರಾಣಕ್ಕೆ ಬರುತ್ತದೆ. ದೃಷ್ಟಿಯಾಗದಿರಲೆಂದು ಕಬ್ಬಿಣದ ವಸ್ತು ಇಡುವವರು ಅದನ್ನು ಹಾಸಿನಿಂದ ದೂರ ಇಡಲಿ. ಸೊಳ್ಳೆ ಪರದೆ ಅವಶ್ಯ, ಆದರೆ ಕೂಸಿನ ಮುಖಕ್ಕೆ ತಾಗದಂತೆ ಎಳೆದು ಕಟ್ಟಿ, ಅಂಚುಗಳನ್ನು ತಾಯಿಯ ಹಾಸಿನ ಅಡಿಗೆ ಸಿಕ್ಕಿಸಿ.

ಚಳಿಗೆ ಕೆಂಡ ಬೇಡ

ನಮ್ಮ ಸೀಮೆ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ, ಅದರಲ್ಲೂ ಕಲ್ಲುಚಪ್ಪಡಿಯ ಮನೆಗಳಲ್ಲಿ ಥಂಡಿ ಹೆಚ್ಚು. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ ಕೆಂಡ ಸುರಕ್ಷಿತ ಎಂಬ ನಂಬಿಕೆ ತಪ್ಪು. ಕೂಸು ಮಲಗುವ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ, ಬೀಡಿ ಸಿಗರೇಟು ಯಾವುದೂ ಬೇಡ.

ಬಿಸುಪಿಗೆ ತಾಯಿಯ ಮೈಗಿಂತ ಮಿಗಿಲಿಲ್ಲ. ತೂಕ ಕಡಿಮೆ ಇರುವ ಕೂಸನ್ನು ತಾಯಿ ಎಚ್ಚರವಿರುವಾಗ ಎದೆಗೆ ಮೈ ತಾಗಿಸಿ ಕಟ್ಟಿಕೊಳ್ಳುವ ಕ್ರಮವನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಮಲಗುವಾಗ ನೀವು ತೊಟ್ಟ ಬಟ್ಟೆಗಿಂತ ಒಂದು ಪದರ ಹೆಚ್ಚು ತೊಡಿಸಿ, ಸಾಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿ: ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ, ತಣ್ಣಗಿದ್ದರೆ ಎದೆಗೆ ಅಪ್ಪಿಕೊಳ್ಳಿ. ಅತಿ ಸೆಕೆಯೂ ಕೂಸಿಗೆ ಅಪಾಯವೇ.

ಕೊಟ್ಟಿಗೆ ಮತ್ತು ಬಾಣಂತಿ ಕೋಣೆ

ಇದು ನನ್ನ ಕಸುಬಿಗೆ ಸೇರಿದ್ದು, ಆದ್ದರಿಂದ ಒತ್ತಿ ಹೇಳುತ್ತೇನೆ.

ಕೊಟ್ಟಿಗೆಗೆ ಅಂಟಿಕೊಂಡ ಕೋಣೆ ಬೇಡ. ಬೇರೆ ಕೋಣೆ ಇಲ್ಲದಿದ್ದರೆ ಕೊಟ್ಟಿಗೆ ಕಡೆಯ ಕಿಂಡಿ ಮುಚ್ಚಿ, ಎದುರು ಗೋಡೆಯ ಕಿಟಕಿ ತೆರೆದಿಡಿ. ಗಂಜಳದಿಂದ ಏಳುವ ಘಾಟು ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು.

ಸಗಣಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರಬಹುದು. ಸಗಣಿ ಸಾರಿಸಿದ ನೆಲದ ಮೇಲೆ ಕೂಸನ್ನು ನೇರವಾಗಿ ಮಲಗಿಸಬೇಡಿ. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚಬೇಡಿ, ಒಣಗಲು ಬಿಡಿ. ನವಜಾತ ಶಿಶುಗಳ ಧನುರ್ವಾಯುವನ್ನು ನಮ್ಮ ದೇಶ ಹತೋಟಿಗೆ ತಂದಿದೆಯೆಂದು 2015ರಲ್ಲಿ ಘೋಷಣೆಯಾಯಿತು. ಆ ರೋಗಾಣು ಮಾತ್ರ ಮಣ್ಣು, ಸಗಣಿಯಲ್ಲಿ ಇದ್ದೇ ಇದೆ.

ಹಿಂಡಿ, ಬೂಸಾ, ಪಶು ಆಹಾರದ ಮೂಟೆಗಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚುವುದುಂಟು. ಮೂಟೆಗಳನ್ನು ಬೇರೆ ಕಡೆ ಸಾಗಿಸಿ. ಉಣ್ಣೆಗೆ ಸಿಂಪಡಿಸುವ ಔಷಧ, ಟೊಮೆಟೊ, ಮಾವಿನ ಬೆಳೆಗೆ ಹೊಡೆಯುವ ಔಷಧಗಳನ್ನು ಮಂಚದಡಿ ಇಡುವ ಅಭ್ಯಾಸ ಬಿಡಿ. ಸಿಂಪಡಿಸಿದ ದಿನ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಿ. ಕಂದು ಹಾಕಿದ ಹಸು, ಕಸ ಬೀಳದ ಹಸುವನ್ನು ಮುಟ್ಟಿದವರಿಗೂ ಇದೇ ನಿಯಮ. ಕಂದುರೋಗ ಮನುಷ್ಯರಿಗೂ ಅಂಟುತ್ತದೆ.

ಹಾಲು ಕರೆಯುವ ಹೊತ್ತಿನಲ್ಲಿ ಕೂಸು ಯಾರ ಬಳಿ?

ಬೆಳಗಿನ ಜಾವ ಎದ್ದು ಹಾಲು ಕರೆದು, ಸಂಘಕ್ಕೆ ಹಾಕುವಷ್ಟರಲ್ಲಿ ಒಂದು ಗಂಟೆಗೂ ಮಿಕ್ಕು ಹಿಡಿಯುತ್ತದೆ. ಸಂಜೆಯೂ ಹಾಗೆಯೇ. ಈ ಎರಡು ಹೊತ್ತು ಕೂಸು ಒಂಟಿಯಾಗುತ್ತದೆ, ಇಲ್ಲವೇ ಐದಾರು ವರ್ಷದ ಅಕ್ಕನ ಕೈಗೆ ಬೀಳುತ್ತದೆ. ಇದಕ್ಕೆ ಮೊದಲೇ ಒಬ್ಬ ಹಿರಿಯರನ್ನು ಗೊತ್ತುಮಾಡಿ. ಇನ್ನೂ ಮೇಲೆಂದರೆ, ಬಾಣಂತನ ಮುಗಿಯುವವರೆಗೆ ಮನೆಯ ಯಜಮಾನರೇ ಹಾಲು ಕರೆಯಲಿ. ಹಸು ಹೊಸ ಕೈಗೆ ಕೆಲವೇ ದಿನಗಳಲ್ಲಿ ಒಗ್ಗುತ್ತದೆ. ನಿದ್ದೆಗೆಟ್ಟು ದಣಿದ ತಾಯಿ ಹಾಲೂಡಿಸುತ್ತಲೇ ನಿದ್ದೆಹೋಗುತ್ತಾಳೆ. ಅಪಾಯ ಹೆಚ್ಚುವುದು ಆಗಲೇ. ಕುಡಿದು ಬಂದವರ ಪಕ್ಕದಲ್ಲಿ, ಅವರು ಯಾರೇ ಆಗಲಿ, ಕೂಸನ್ನು ಮಲಗಿಸಬಾರದು.

ನೆನಪಿಡಬೇಕಾದ ಅಂಶಗಳು

1. ಅಂಗಾತ ಮಲಗಿಸಿ, ಹಗಲೂ, ರಾತ್ರಿಯೂ.
2. ಗಟ್ಟಿಯಾದ, ಸಮತಟ್ಟಾದ, ಬೇರೆಯದೇ ಹಾಸು. ತಾಯಿಯ ಕೈಗೆಟುಕುವಷ್ಟು ಹತ್ತಿರ.
3. ದಿಂಬು, ಬಿಡಿ ಕಂಬಳಿ, ಕುತ್ತಿಗೆ ದಾರ ಬೇಡ.
4. ಕೋಣೆಯಲ್ಲಿ ಕೆಂಡ, ಹೊಗೆ ಬೇಡ, ಗಾಳಿಯಾಡಲಿ.
5. ಮೇವು, ಔಷಧ, ಕೊಟ್ಟಿಗೆ ಬಟ್ಟೆ ಆ ಕೋಣೆಯ ಹೊರಗಿರಲಿ.
6. ತಾಯಿಯ ಎದೆಹಾಲನ್ನೇ ಕೊಡಿ. ಅದೂ ಹಠಾತ್ ಮರಣದ ಅಪಾಯವನ್ನು ತಗ್ಗಿಸುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳುಹಿಸದೆ, ಕೂಸು ಮಲಗುವ ಜಾಗವನ್ನು ತೋರಿಸಿ ಸಲಹೆ ಕೇಳಿ. ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ತುಟಿ ನೀಲಿಯಾದರೆ, ಜೋಲು ಬಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಹೊಸ ಕರು ಬರುವ ಮೊದಲು ಕೊಟ್ಟಿಗೆ ತೊಳೆದು, ಹುಲ್ಲು ಹಾಸಿ, ಜಾಗ ಅಣಿಮಾಡುವವರು ನೀವು. ಮನೆಗೆ ಬಸುರಿ ಸೊಸೆಯೋ ಮಗಳೋ ಬಂದಿದ್ದರೆ, ಹೆರಿಗೆಗೆ ಮೊದಲೇ ಒಂದು ದಿನ ಆ ಕೋಣೆಯಲ್ಲಿ ನಿಂತು ಸುತ್ತ ನೋಡಿ. ಮೂಟೆ ಹೊರಗೆ ಹಾಕಿ, ಕಿಟಕಿ ಬಿಡಿಸಿ, ಕೂಸಿನ ಹಾಸು ಎಲ್ಲಿ ಎಂದು ಗೊತ್ತುಮಾಡಿ. ಅರ್ಧ ದಿನದ ಕೆಲಸ ಅದು.