ಮೇದಸ್ಸು, ವೃಕ್ಕಗಳು ಮತ್ತು ಸ್ಟ್ಯಾಟಿನ್ ಮಾತ್ರೆಗಳು

ರಕ್ತದಲ್ಲಿನ ಕೊಲೆಸ್ಟರಾಲನ್ನು ತಗ್ಗಿಸುವ ಮಾತ್ರೆಗಳು ಮೂತ್ರಪಿಂಡಗಳನ್ನು ಕೆಡಿಸುವುವೆಂಬ ಶಂಕೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ವೃದ್ಧಮಿತ್ರರ ಬಾಯಿಂದ ಪದೇ ಪದೇ ಕೇಳಿದ್ದೇನೆ. ಕೆಲವರು ವೈದ್ಯರಿಗೂ ತಿಳಿಸದೆ ಮಾತ್ರೆಯನ್ನು ಬಿಟ್ಟಿರುವರಾದ ಕಾರಣ ಈ ವಿಷಯವು ವಿವೇಚನಾರ್ಹವಾಗಿದೆ.

ಮೇದಸ್ಸಿಗೂ ವೃಕ್ಕಗಳಿಗೂ, ಎಂದರೆ ಮೂತ್ರಪಿಂಡಗಳಿಗೂ, ಸಂಬಂಧವನ್ನು ಹೇಳುವುದು ನಮ್ಮಲ್ಲಿ ಹೊಸತಲ್ಲ. ರಕ್ತಮೇದಸ್ಸುಗಳ ಪ್ರಸಾದಭಾಗದಿಂದ ವೃಕ್ಕಗಳುಂಟಾಗುವುವೆಂದು ಸುಶ್ರುತಸಂಹಿತೆಯೂ, ಮೇದೋವಹ ಸ್ರೋತಸ್ಸುಗಳಿಗೆ ಅವು ಮೂಲವೆಂದು ಚರಕಸಂಹಿತೆಯೂ ಹೇಳುತ್ತವೆ. ಆದರೆ ಆ ಮೇದಸ್ಸೇ ಇಂದಿನ ಕೊಲೆಸ್ಟರಾಲೆಂದು ಸಾಧಿಸಹೊರಡುವುದು ಸಾಹಸವಾದೀತು.

೧೯೭೦ರ ದಶಕದಲ್ಲಿ ಜಪಾನಿನ ಅಕಿರ ಎಂಡೋ ಎಂಬ ವಿದ್ವಾಂಸರು ಬೂಷ್ಟಿನಿಂದ ಬೇರ್ಪಡಿಸಿದ ದ್ರವ್ಯವು ಸ್ಟ್ಯಾಟಿನ್ ವರ್ಗಕ್ಕೆ ಮೊದಲನೆಯದು. ಇವು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ಉತ್ಪತ್ತಿಯನ್ನು ಕುಗ್ಗಿಸುವುವು. ಮೂತ್ರಪಿಂಡಗಳಿಗೆ ಇವುಗಳಿಂದ ಅಪಾಯವುಂಟು; ಅದು ಅತಿ ವಿರಳ, ಬರುವುದೂ ಬಳಸುದಾರಿಯಲ್ಲಿ. ಮಾಂಸಪೇಶಿಗಳು (ಇವನ್ನು ಸ್ನಾಯುಗಳೆನ್ನುವ ಈಗಿನ ರೂಢಿ ಆಯುರ್ವೇದಸಮ್ಮತವಲ್ಲ) ಶಿಥಿಲವಾಗಿ ಒಡೆದಾಗ ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕಿಳಿದು ಪಿಂಡಗಳನ್ನು ಪೀಡಿಸುವುದು. ೨೦೦೧ರಲ್ಲಿ ಸೆರಿವಾಸ್ಟ್ಯಾಟಿನ್ ಎಂಬುದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡುದು ಈ ಕಾರಣದಿಂದಲೇ. ಅಕಾರಣವಾದ ಮೈನೋವು, ಕಪ್ಪಿಟ್ಟ ಮೂತ್ರ ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮಾತ್ರೆಗಳೆಲ್ಲ ಏಕರೂಪವಲ್ಲ. ಅಟೋರ್ವಾಸ್ಟ್ಯಾಟಿನ್ ಬಹುಪಾಲು ಪಿತ್ತದ ಮೂಲಕ ಹೊರಬೀಳುವುದರಿಂದ ಪಿಂಡಗಳು ದುರ್ಬಲವಾದವರಲ್ಲಿಯೂ ಪ್ರಮಾಣವನ್ನು ತಗ್ಗಿಸಬೇಕಾಗಿಲ್ಲ. ಪಿಂಡಗಳು ತೀರ ಕೆಟ್ಟವರಿಗೆ ರೊಸುವಾಸ್ಟ್ಯಾಟಿನನ್ನು ತಗ್ಗಿಸಿಯೇ ಕೊಡುವರು. ೨೦೧೧ರಲ್ಲಿ ಪ್ರಕಟವಾದ, ಮೂತ್ರಪಿಂಡರೋಗವುಳ್ಳ ೯,೦೦೦ಕ್ಕೂ ಹೆಚ್ಚು ಜನರ ಪರೀಕ್ಷೆಯೊಂದರಲ್ಲಿ ಸಿಂವಾಸ್ಟ್ಯಾಟಿನ್ ಮತ್ತು ಎಜೆಟಿಮೈಬ್ ಕೂಡಿ ಹೃದಯಾಘಾತಾದಿಗಳನ್ನು ಸುಮಾರು ಆರರಲ್ಲೊಂದು ಪಾಲು ಕಡಿಮೆ ಮಾಡಿದುವು. ಡಯಾಲಿಸಿಸಿಗೆ ತೊಡಗಿದ ಮೇಲೆ ಇವನ್ನು ಹೊಸದಾಗಿ ಆರಂಭಿಸುವುದು ಸಾಮಾನ್ಯವಾಗಿ ವಿಹಿತವಲ್ಲ. ಮೊದಲಿನಿಂದ ಸೇವಿಸುತ್ತಿದ್ದವರು ಅದಕ್ಕಾಗಿ ಬಿಡಬೇಕಾಗಿಲ್ಲ.