ಮೂಡಣ ಗಾಳಿಯ ಅಲೆಗಳು

ನಾವು ಇಂದು ಪ್ರಸ್ತಾಪಿಸಲಿರುವ ಅಲೆಗಳು ಕಡಲಿನ ನೀರಿನಲ್ಲಿ ಏಳುವ ಅಲೆಗಳಲ್ಲ. ಕಡಲಿನ ಮೇಲಣ ಗಾಳಿಯಲ್ಲಿ ಏಳುವ ಅಲೆಗಳು. ಹಡಗಿನ ಅಟ್ಟದ ಮೇಲೆ ನಿಂತವನ ನೆತ್ತಿಯ ಮೇಲೆಯೇ ಇಂಥ ಅಲೆಯೊಂದು ದಾಟಿಹೋದರೂ, ಒಂದು ಜಡಿಮಳೆ ಬಂದಿತು, ಗಾಳಿ ಕೊಂಚ ದಿಕ್ಕು ಬದಲಿಸಿತು ಎಂಬುದಕ್ಕಿಂತ ಹೆಚ್ಚಿನದೇನೂ ಅವನ ಅರಿವಿಗೆ ಬರಲಾರದು. ಹೀಗಿದ್ದರೂ ಪ್ರತಿವರ್ಷವೂ ಮೇ ತಿಂಗಳು ಮೊದಲ್ಗೊಂಡು ನವೆಂಬರಿನವರೆಗೆ, ಆಫ್ರಿಕಾಖಂಡದ ಪಶ್ಚಿಮ ತೀರದಿಂದ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುವ ಇಂಥ ಅಲೆಗಳಲ್ಲಿ ಒಂದೊಂದನ್ನೂ ನಕ್ಷೆಯ ಮೇಲೆ ಗೆರೆಯೆಳೆದು ಗುರುತಿಸಿ, ಸಾಗರದ ಆಚೆಯ ದಡದವರೆಗೆ ಬಿಡದೆ ಹಿಂಬಾಲಿಸುವ ಕಾವಲೊಂದು ನಡೆದಿರುತ್ತದೆ. ವರ್ಷವೊಂದಕ್ಕೆ ಹೊರಡುವ ಅಲೆಗಳು ಸರಾಸರಿ 60. ಅವುಗಳಲ್ಲಿ ಬಹುಪಾಲು ಯಾರಿಗೂ ಕೇಡು ಮಾಡದೆ ಹಾದುಹೋಗುವುವು. ಕೆಲವು ಮಾತ್ರ ಹರಿಕೇನ್ ಎಂಬ ಚಂಡಮಾರುತಗಳಾಗಿ ಬೆಳೆದು ಊರುಗಳನ್ನೇ ಬುಡಮೇಲು ಮಾಡುವುವು. ಆ ಕೆಲವು ಯಾವುವು ಎಂಬುದು ಹೊರಡುವಾಗ ಅವುಗಳ ಹಣೆಯ ಮೇಲೆ ಬರೆದಿರುವುದಿಲ್ಲ. ಕಾವಲಿನವರ ಕಷ್ಟವೆಲ್ಲ ಇಲ್ಲಿಯೇ ಇದೆ.

ಹರಿಕೇನ್ ಎಂಬುದು ನಮಗೆ ಹೊಸ ಹೆಸರಾದರೂ ಹೊಸ ವಸ್ತುವಲ್ಲ. ಬಂಗಾಳಕೊಲ್ಲಿಯಲ್ಲಿ ಸೈಕ್ಲೋನ್ ಎಂದು ನಾವು ಕರೆಯುವುದೂ, ಚೀನಾ ಸಮುದ್ರದವರು ಟೈಫೂನ್ ಎನ್ನುವುದೂ ಇದನ್ನೇ. ಸೈಕ್ಲೋನ್ ಎಂಬ ಶಬ್ದವಾದರೋ ನಮ್ಮ ಕಲಕತ್ತೆಯಲ್ಲಿಯೇ ಹುಟ್ಟಿದುದು. ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬವರು 1848ರಲ್ಲಿ ಪ್ರಕಟಿಸಿದ ನಾವಿಕರ ಕೈಪಿಡಿಯಿಂದ ಅದು ಲೋಕಕ್ಕೆಲ್ಲ ಹರಡಿತು. ಸುಳಿಗಾಳಿಯ ವೇಗ ಗಂಟೆಗೆ 39 ಮೈಲಿ ಮುಟ್ಟಿದರೆ ಅದಕ್ಕೊಂದು ಹೆಸರಿಡುವರು. 74 ಮೈಲಿ ಮುಟ್ಟಿದರೆ ಅದು ಹರಿಕೇನ್.

ಈ ಅಲೆಗಳು ಹುಟ್ಟುವುದು ಸಮುದ್ರದಲ್ಲಲ್ಲ, ನೆಲದ ಮೇಲೆ. ಸಾಮಾನ್ಯವಾಗಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೋದಷ್ಟೂ ತಂಪು ಹೆಚ್ಚುವುದಷ್ಟೆ. ಪಶ್ಚಿಮ ಆಫ್ರಿಕದಲ್ಲಿ ಬೇಸಗೆಯಲ್ಲಿ ಇದು ತಲೆಕೆಳಗಾಗುತ್ತದೆ. ದಕ್ಷಿಣದ ಗಿನಿ ಕೊಲ್ಲಿ ತಂಪಾಗಿರುವಾಗ ಉತ್ತರದ ಸಹಾರಾ ಮರುಭೂಮಿ ಕಾದ ಹಂಚಿನಂತಿರುತ್ತದೆ. ಈ ವಿಪರ್ಯಾಸದ ಫಲವಾಗಿ ನೆಲದಿಂದ ಸುಮಾರು 10,000 ಅಡಿ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಗಾಳಿಯ ಒಂದು ಹೊನಲು ಏರ್ಪಡುತ್ತದೆ. ರಭಸದ ಹೊನಲು ನೇರವಾಗಿ ಹರಿಯಲಾರದು; ಬಳುಕುತ್ತದೆ. ಆ ಬಳುಕೇ ನಾವು ಹೇಳುವ ಅಲೆ. ಒಂದು ಅಲೆಯಿಂದ ಮತ್ತೊಂದಕ್ಕೆ ಸುಮಾರು 1,500 ಮೈಲಿ ಅಂತರ. ಮೂರರಿಂದ ಐದು ದಿನಗಳಿಗೊಮ್ಮೆ ಒಂದೊಂದು ತೀರವನ್ನು ದಾಟಿ, ಗಂಟೆಗೆ 15ರಿಂದ 20 ಮೈಲಿಯ ವೇಗದಲ್ಲಿ ಪಶ್ಚಿಮಾಭಿಮುಖವಾಗಿ ಸಾಗುತ್ತದೆ. ನಿತ್ಯವೂ ರೈಲಿನಂತೆ ಬರುವ ಈ ಸಾಲನ್ನು ಕಂಡುಹಿಡಿಯುವುದಕ್ಕೆ ಮನುಷ್ಯನಿಗೆ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಕಾಲ ಹಿಡಿಯಿತೆಂದರೆ ಆಶ್ಚರ್ಯವಾಗಬಹುದು.

ಹಿಂದಿನವರು ಚಂಡಮಾರುತ ಹತ್ತಿರ ಬಂದ ಮೇಲೆಯೇ ಅದನ್ನು ಅರಿಯುತ್ತಿದ್ದರು. ಅವರಲ್ಲಿ ಅತ್ಯಂತ ಸೂಕ್ಷ್ಮದೃಷ್ಟಿಯವರು ಕ್ಯೂಬಾ ದ್ವೀಪದ ಹವಾನಾ ನಗರದಲ್ಲಿ ಬೆಲೆನ್ ಕಾಲೇಜಿನ ವೀಕ್ಷಣಾಲಯವನ್ನು ನಡೆಸುತ್ತಿದ್ದ ಪಾದ್ರಿ ಬೆನಿಟೋ ವಿನ್ಯೇಸ್. ಬಿರುಗಾಳಿಯ ನೆತ್ತಿಯಿಂದ ಬೀಸಣಿಗೆಯಂತೆ ಹರಡುವ ಎಳೆಎಳೆಯಾದ ಬಿಳಿಯ ಮೋಡಗಳನ್ನು ನೋಡಿ, ಅವು ಎಲ್ಲಿಂದ ಕವಲೊಡೆದಿವೆಯೋ ಅಲ್ಲಿ ಸುಳಿಯ ನಡುವಿದೆಯೆಂದು ಅವರು ನಿರ್ಣಯಿಸುತ್ತಿದ್ದರು. 1875ರ ಸೆಪ್ಟೆಂಬರಿನಲ್ಲಿಯೇ ಮುನ್ಸೂಚನೆಯನ್ನು ಪ್ರಕಟಿಸಿದ್ದರು. ಅವರು ತೀರಿಕೊಂಡ ಏಳು ವರ್ಷಗಳ ಬಳಿಕ, 1900ರ ಆಗಸ್ಟ್ 27ರಂದು, ವೆಸ್ಟ್ ಇಂಡೀಸ್ ದ್ವೀಪಗಳಿಂದ ಸುಮಾರು 1,000 ಮೈಲಿ ಪೂರ್ವಕ್ಕೆ ಹಡಗೊಂದಕ್ಕೆ ಕದಡಿದ ಹವೆ ಎದುರಾಯಿತು. ಆಗ ಹಡಗುಗಳಲ್ಲಿ ತಂತಿಯಿಲ್ಲದ ವಾರ್ತಾಯಂತ್ರವಿರಲಿಲ್ಲ. ಆ ಕದಡು ಕ್ಯೂಬಾವನ್ನು ದಾಟಿದಾಗ ಅದು ಪಶ್ಚಿಮಕ್ಕೆ, ಮೆಕ್ಸಿಕೋ ಕೊಲ್ಲಿಗೆ ಹೋಗುವುದೆಂದು ಕ್ಯೂಬಾದ ವೀಕ್ಷಕರು ಎಣಿಸಿದರು. ವಾಷಿಂಗ್ಟನ್ನಿನ ಅಧಿಕಾರಿಗಳು ಉತ್ತರಕ್ಕೆ ತಿರುಗಿ ಫ್ಲಾರಿಡಾದ ಕಡೆಗೆ ಹೋಗುವುದೆಂದು ಎಣಿಸಿದರು. ಸೆಪ್ಟೆಂಬರ್ 8ರಂದು ಅದು ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ ಪಟ್ಟಣವನ್ನು ಹೊಡೆಯಿತು. ಹತ್ತು ಅಡಿ ಎತ್ತರವೂ ಇಲ್ಲದ ಮರಳುದಿಬ್ಬದ ಮೇಲೆ ಕಟ್ಟಿದ ಊರು. ಏರಿಬಂದ ಸಮುದ್ರ ಅದರ ಮೇಲೆ ಹರಿದುಹೋಯಿತು. ಸತ್ತವರು ಕಡಮೆಯೆಂದರೂ 6,000. ಸರಿಯಾದ ಲೆಕ್ಕ ಯಾರಿಗೂ ಸಿಗಲಿಲ್ಲ.

ಅಲೆಗಳ ಸುಳಿವು ಕೊನೆಗೆ ಸಿಕ್ಕಿದುದು ವಾಯುಭಾರಮಾಪಕದಿಂದ. ಉಷ್ಣವಲಯದಲ್ಲಿ ಈ ಯಂತ್ರಕ್ಕೊಂದು ವಿಚಿತ್ರವಾದ ಅಭ್ಯಾಸವುಂಟು. ಬೆಳಗ್ಗೆ ಮತ್ತು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಏರುತ್ತದೆ. ನಸುಕಿನ ಮತ್ತು ಮಧ್ಯಾಹ್ನದ ನಾಲ್ಕು ಗಂಟೆಯ ಸುಮಾರಿಗೆ ಇಳಿಯುತ್ತದೆ. ನಮ್ಮ ಕೇಳುಗರಲ್ಲಿ ಮನೆಯಲ್ಲಿ ಭಾರಮಾಪಕವಿರುವವರು ನಾಳೆಯೇ ಇದನ್ನು ಪರೀಕ್ಷಿಸಿ ನೋಡಬಹುದು. ಮೈಸೂರಿನಲ್ಲಿಯೂ ಇದು ಗಡಿಯಾರದಷ್ಟೇ ಕ್ರಮವಾಗಿ ನಡೆಯುತ್ತದೆ. ಈ ನಿತ್ಯದ ಏರಿಳಿತ ಎರಡು ಮೂರು ಮಿಲಿಬಾರುಗಳಷ್ಟು. ಅಲೆಯೊಂದು ದಾಟುವಾಗ ಆಗುವ ಇಳಿತವೂ ಸರಿಸುಮಾರು ಅಷ್ಟೇ. ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಿದಂತೆ! ಅಮೆರಿಕದ ಹವಾಶಾಖೆಯ ಗಾರ್ಡನ್ ಡನ್ ಎಂಬವರು ಸುಲಭವಾದ ಒಂದು ಉಪಾಯ ಮಾಡಿದರು. ಈ ಹೊತ್ತಿನ ಅಂಕಿಯಿಂದ ನಿನ್ನೆ ಇದೇ ಹೊತ್ತಿನ ಅಂಕಿಯನ್ನು ಕಳೆದರೆ ದಿನದ ಉಬ್ಬರ ತಾನೇ ತೊಲಗುವುದು. ಉಳಿದುದು ಹವೆಯ ನಿಜವಾದ ಬದಲಾವಣೆ. ವೆಸ್ಟ್ ಇಂಡೀಸ್ ದ್ವೀಪಗಳ ಅಂಕಿಗಳನ್ನು ಹೀಗೆ ಕಳೆದು ನೋಡಿದಾಗ, ಇಳಿತ ಏರಿಕೆಗಳು ದ್ವೀಪದಿಂದ ದ್ವೀಪಕ್ಕೆ ಪಶ್ಚಿಮದತ್ತ ನಡೆಯುವುದು ಕಂಡಿತು. ಇದನ್ನು ಅವರು 1940ರಲ್ಲಿ ಪ್ರಕಟಿಸಿದರು. ಒಂದು ಕಳೆಯುವ ಲೆಕ್ಕದಿಂದ ಇಷ್ಟು ದೊಡ್ಡ ವಿಷಯ ಬೆಳಕಿಗೆ ಬಂದುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

1945ರಲ್ಲಿ ಹರ್ಬರ್ಟ್ ರೀಲ್ ಎಂಬ ವಿದ್ವಾಂಸರು ಅಲೆಯ ರೂಪವನ್ನು ವಿವರಿಸಿದರು. ಅಲೆಯ ಮುಂಗಡೆ ಗಾಳಿ ಕೆಳಕ್ಕಿಳಿಯುತ್ತದೆ. ಆಕಾಶ ಎಂದಿಗಿಂತ ಶುಭ್ರವಾಗುತ್ತದೆ. ಬಾಗು ದಾಟಿದೊಡನೆ ಈಶಾನ್ಯದ ಗಾಳಿ ಆಗ್ನೇಯಕ್ಕೆ ತಿರುಗುತ್ತದೆ. ಹಿಂಗಡೆಯಲ್ಲಿ ಗಾಳಿ ಒಟ್ಟುಗೂಡಿ ಮೇಲೇರಿ ಗುಡುಗುಮಳೆ ಸುರಿಯುತ್ತದೆ. ಆದಕಾರಣ ಆ ದ್ವೀಪಗಳಲ್ಲಿ ಅತಿ ಚೆಲುವಾದ ದಿನವನ್ನು ನಂಬಬಾರದು. ಇನ್ನು ಮಿಕ್ಕ ಸಾಧನಗಳು ಒಂದೊಂದಾಗಿ ಬಂದುವು. 1943ರ ಜುಲೈ 27ರಂದು ಜೋಸೆಫ್ ಡಕ್‌ವರ್ತ್ ಎಂಬ ವಿಮಾನಶಿಕ್ಷಕರು ಅದೇ ಗ್ಯಾಲ್ವೆಸ್ಟನ್ನಿನ ಸಮೀಪ ಹರಿಕೇನಿನ ಕಣ್ಣಿನೊಳಕ್ಕೆ ಒಂದೇ ದಿನ ಎರಡು ಸಾರಿ ಹೊಕ್ಕು ಹೊರಬಂದರು. 1960ರಿಂದ ಉಪಗ್ರಹಗಳ ಚಿತ್ರಗಳು ದೊರೆಯತೊಡಗಿದುವು.

ಹಾಗಾದರೆ ಅಲೆ ಚಂಡಮಾರುತವಾಗಬೇಕಾದರೆ ಏನೇನು ಕೂಡಿಬರಬೇಕು? ಕೆಳಗಿನ ನೀರು 80 ಫಾರನ್‌ಹೀಟ್ ಡಿಗ್ರಿಗೆ ಕಡಮೆಯಿಲ್ಲದಂತೆ ಬೆಚ್ಚಗಿರಬೇಕು. ಭೂಮಧ್ಯರೇಖೆಗೆ ತೀರ ಹತ್ತಿರವಿರಕೂಡದು. ಅಲ್ಲಿ ಭೂಮಿಯ ತಿರುಗುವಿಕೆ ಗಾಳಿಗೆ ಸುಳಿಯನ್ನು ಕೊಡಲಾರದು. ನಡುವಣ ಗಾಳಿಯಲ್ಲಿ ತೇವವಿರಬೇಕು. ಸಹಾರಾದಿಂದ ಬರುವ ಧೂಳುತುಂಬಿದ ಒಣಗಾಳಿ ನುಗ್ಗಿತೆಂದರೆ ಮೋಡಗಳು ಬತ್ತಿಹೋಗುವುವು. ಎಲ್ಲಕ್ಕೂ ಮೇಲಾಗಿ, ಕೆಳಗಿನ ಗಾಳಿಗೂ ಏಳೆಂಟು ಮೈಲಿ ಮೇಲಣ ಗಾಳಿಗೂ ವೇಗದಲ್ಲಾಗಲಿ ದಿಕ್ಕಿನಲ್ಲಾಗಲಿ ಹೆಚ್ಚು ವೈಷಮ್ಯವಿರಬಾರದು. ಇದ್ದರೆ, ಕಟ್ಟುತ್ತಿರುವ ಗೋಪುರದ ತುದಿಯನ್ನು ಯಾರೋ ಪಕ್ಕಕ್ಕೆ ತಳ್ಳಿದಂತೆ, ಬುಡ ಒಂದು ಕಡೆ, ತಲೆ ಒಂದು ಕಡೆ ಆಗುವುದು. 2009ರಲ್ಲಿ ಡಂಕರ್ಟನ್ ಮೊದಲಾದವರು ಇದಕ್ಕೆ ಸೊಗಸಾದ ಒಂದು ಉಪಮೆಯನ್ನು ಕೊಟ್ಟರು. ಅಲೆಯೊಡನೆಯೇ ಚಲಿಸುವ, ಹೊರಗಣ ಒಣಗಾಳಿ ಒಳನುಗ್ಗದ ಒಂದು ಆವರಣ ಏರ್ಪಟ್ಟರೆ, ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟು ಸಾಗಿಸುವಂತೆ, ಅಲೆಯು ಎಳೆಯ ಸುಳಿಯನ್ನು ಕಾಪಾಡಿಕೊಂಡು ಸಾಗುತ್ತದೆ. ಚೀಲ ಹರಿದರೆ ಮರಿ ಉಳಿಯದು.

ಆದರೆ ಉಳಿಯದೆಂದು ತಿಳಿದುದು ಉಳಿದುಕೊಂಡರೆ? 1992ರ ಆಗಸ್ಟ್ 14ರಂದು ಆಫ್ರಿಕದ ತೀರವನ್ನು ಅಲೆಯೊಂದು ಬಿಟ್ಟಿತು. 17ರಂದು ಅದಕ್ಕೆ ಆಂಡ್ರೂ ಎಂಬ ಹೆಸರಾಯಿತು. ಬಳಿಕ ಮೇಲಣ ಗಾಳಿಯ ವೈಷಮ್ಯಕ್ಕೆ ಸಿಕ್ಕಿ ಸೊರಗತೊಡಗಿತು. 20ರಂದು ಅದರ ನಡುವಿನ ವಾಯುಭಾರ 1015 ಮಿಲಿಬಾರ್ ಇದ್ದಿತು. ಎಂದರೆ ಬಿರುಗಾಳಿಯಿಲ್ಲದ ದಿನದಲ್ಲಿ ಇರುವಷ್ಟೇ. ಸುಳಿ ಇದೆಯೋ ಇಲ್ಲವೋ ಎಂಬ ಸ್ಥಿತಿ. ಆ ದಿನ ಅದನ್ನು ನಕ್ಷೆಯಿಂದ ಅಳಿಸಿಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಮೇಲೆ ಮೇಲಣ ಗಾಳಿ ಸಡಿಲಿತು. ಉತ್ತರದಲ್ಲಿ ಅಧಿಕಭಾರದ ಗೋಡೆಯೊಂದು ಎದ್ದು ಅದನ್ನು ನೇರ ಪಶ್ಚಿಮಕ್ಕೆ ತಿರುಗಿಸಿತು. ಕೆಳಗೆ ಬೆಚ್ಚನೆಯ ನೀರು. 21, ಶುಕ್ರವಾರ, ಫ್ಲಾರಿಡಾದ ಜನ ವಾರದ ಕೆಲಸ ಮುಗಿಸಿ ಮನೆಗೆ ಹೋದಾಗ ಅದು ಇನ್ನೂ ಹರಿಕೇನಾಗಿರಲಿಲ್ಲ. ಶನಿವಾರ ಆಯಿತು. 24, ಸೋಮವಾರ ನಸುಕಿನಲ್ಲಿ 922 ಮಿಲಿಬಾರುಗಳ ಭಾರದೊಡನೆ ಮಯಾಮಿಯ ದಕ್ಷಿಣಕ್ಕೆ ನೆಲವನ್ನು ಮುಟ್ಟಿತು. 25,000ಕ್ಕೂ ಹೆಚ್ಚು ಮನೆಗಳು ನಾಶವಾದುವು. ಜೀವಹಾನಿ ಅದಕ್ಕೆ ತಕ್ಕಷ್ಟು ಆಗದೆ ನೂರರ ಒಳಗೇ ಉಳಿಯಿತು. ಶನಿವಾರ ಭಾನುವಾರಗಳಲ್ಲಿ ಜನ ಮಾತು ಕೇಳಿ ತೀರವನ್ನು ಬಿಟ್ಟು ಹೋಗಿದ್ದರು. ಕಾವಲಿನವರಿಗೆ ದೊರೆತ ಅವಕಾಶ ಆ ಎರಡೇ ದಿನ.

ಆದ್ದರಿಂದಲೇ ಎಲ್ಲ ಅಲೆಗಳಿಗೂ ಎಚ್ಚರಿಕೆ ಕೊಟ್ಟುಬಿಡಬಾರದೇಕೆ ಎಂದು ಕೇಳಬಹುದು. ಹಾಗೆ ಮಾಡಿದರೆ ಎರಡನೆಯ ವರ್ಷಕ್ಕೆ ಕೇಳುವವರೇ ಇರುವುದಿಲ್ಲ. ಊರು ಬಿಡುವುದೆಂದರೆ ಸಾಮಾನ್ಯವಲ್ಲ. ಅಂಗಡಿ ಮುಚ್ಚಬೇಕು, ರೋಗಿಗಳನ್ನು ಸಾಗಿಸಬೇಕು, ಕೂಲಿಯವನು ಕೂಲಿಯನ್ನು ಕಳೆದುಕೊಳ್ಳಬೇಕು. ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದವರು ಇದಕ್ಕೆ ಕಂಡುಕೊಂಡಿರುವ ಮಾರ್ಗ ಶೇಕಡಾ ಲೆಕ್ಕ. ಅಲೆಯೊಂದು ಎರಡು ದಿನಗಳಲ್ಲಿ, ಏಳು ದಿನಗಳಲ್ಲಿ, ಸುಳಿಗಟ್ಟುವ ಸಂಭವ ಎಷ್ಟೆಂದು ಹೇಳಿ, ನಕ್ಷೆಯ ಮೇಲೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ತೋರಿಸುವರು. ಶೇಕಡಾ 20 ಎಂದರೆ ಅಂಥ ಹತ್ತು ಅಲೆಗಳಲ್ಲಿ ಎಂಟು ಏನೂ ಆಗದೆ ಹೋಗುವುವು, ಎರಡು ಆಗುವುವು ಎಂದರ್ಥ. ಎಂಟು ಹುಸಿಹೋದುವೆಂದು ಹೀಯಾಳಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರು ಲೆಕ್ಕವನ್ನು ತಿಳಿಯರು ಎನ್ನದೆ ವಿಧಿಯಿಲ್ಲ: ಹತ್ತರಲ್ಲಿ ಒಂದೂ ಆಗದಿರುವುದು, ಇಲ್ಲವೇ ಐದು ಆಗುವುದು, ಮತ್ತೆ ಮತ್ತೆ ನಡೆದರೆ, ಆಗ ಮುನ್ಸೂಚನೆ ತಪ್ಪು.

ಇದರಲ್ಲಿಯೂ ಬಹುಕಾಲ ಒಂದು ಕೊರತೆ ಉಳಿದಿತ್ತು. ಸುಳಿ ಕಟ್ಟುವವರೆಗೆ ಅದು ಚಂಡಮಾರುತವಲ್ಲ; ಚಂಡಮಾರುತವಲ್ಲದ್ದಕ್ಕೆ ಎಚ್ಚರಿಕೆ ಹೊರಡಿಸುವಂತಿರಲಿಲ್ಲ. ದ್ವೀಪವೊಂದರ ಹೊಸ್ತಿಲಲ್ಲಿಯೇ ಅಲೆ ಬಲಿತರೆ ಅಲ್ಲಿಯವರಿಗೆ ಕೆಲವೇ ಗಂಟೆಗಳು ಉಳಿಯುತ್ತಿದ್ದುವು. 2017ರಿಂದ, ಇನ್ನೂ ಸುಳಿಗಟ್ಟದಿದ್ದರೂ ಕೆಲವೇ ದಿನಗಳೊಳಗೆ ನೆಲಕ್ಕೆ ಹೊಡೆಯಬಹುದಾದ ಅಲೆಗೂ ಎಚ್ಚರಿಕೆ ಕೊಡುವ ಕ್ರಮ ಜಾರಿಗೆ ಬಂದಿದೆ. ನಿಯಮದ ಒಂದು ಪದವನ್ನು ಸಡಿಲಿಸಿದುದು, ಅಷ್ಟೆ. ಆದರೆ ಅದರಿಂದ ಒಂದು ಹಗಲು ದೊರೆಯಿತು.

ಮೂಡಣ ಗಾಳಿಯಲ್ಲಿ ಇಂಥ ಅಲೆಗಳು ನಮ್ಮ ಕಡೆಯೂ ಬರುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳಕೊಲ್ಲಿಯಿಂದ ಹೊರಟು ತಮಿಳುನಾಡಿಗೂ, ಒಮ್ಮೊಮ್ಮೆ ದಕ್ಷಿಣ ಕರ್ಣಾಟಕದ ಒಳನಾಡಿಗೂ ಎರಡು ಮೂರು ದಿನದ ಮಳೆಯನ್ನು ತರುವುವು. ಅಟ್ಲಾಂಟಿಕಿನಲ್ಲಾದರೋ ಏನೂ ಆಗದೆ ಉಳಿದ ಅಲೆಗಳನ್ನು ಆಚೆಯ ದಡ ಮುಟ್ಟಿದೊಡನೆ ಬಿಟ್ಟುಬಿಡುವಂತಿಲ್ಲ. ಅವುಗಳಲ್ಲಿ ಹಲವು ಮಧ್ಯ ಅಮೆರಿಕದ ಕಿರಿದಾದ ನೆಲವನ್ನು ದಾಟಿ ಶಾಂತಸಾಗರಕ್ಕೆ ಇಳಿಯುವುವು. ಮೆಕ್ಸಿಕೋ ದೇಶದ ಪಶ್ಚಿಮದ ಬೆಚ್ಚನೆಯ ನೀರಿನ ಮೇಲೆ, ಆಫ್ರಿಕಾ ಬಿಟ್ಟು ವಾರಕ್ಕೂ ಹೆಚ್ಚು ಕಾಲವಾದ ಮೇಲೆ, ಅಲ್ಲಿಯ ಹರಿಕೇನುಗಳಾಗುವುವು. ಅಲ್ಲಿಯ ಹರಿಕೇನುಗಳಲ್ಲಿ ಬಹುಪಾಲಿನ ಮೂಲ ಈ ಅಲೆಗಳೇ. ಆ ಕಡಲಿನ ಕಾವಲೂ ಮಯಾಮಿಯ ಅದೇ ಕೇಂದ್ರದವರದು. ಗೆರೆಯನ್ನು ಒಂದು ನಕ್ಷೆಯಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಂಡು ಅವರು ಹಿಂಬಾಲಿಸುತ್ತ ಹೋಗುವರು.